ಹೆಗಲ ಮೇಲೆ ಸೀರೆ, ಕೆನ್ನೆಯ ಮೇಲೆ ಪೌಡರು

ನಮ್ಮ ಶಿರಸಿಯಲ್ಲಿ ಒಬ್ಬನ ಮುಖ ಅವನೊಬ್ಬನ ಸ್ವತ್ತಲ್ಲ. ಹೊಟ್ಟೆ ಬಂದರೆ ಅಂಗಿಯೊಳಗೆ ಮುಚ್ಚಿಕೊಳ್ಳಬಹುದು, ಹಿಮ್ಮಡಿ ಒಡೆದರೆ ಯಾರಿಗೂ ಕಾಣುವುದಿಲ್ಲ. ಮುಖಕ್ಕೆ ಏನಾದರೂ ಆಯಿತೋ, ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ಕಂಡಕಂಡವರೆಲ್ಲ ನಿಲ್ಲಿಸಿ ವಿಚಾರಿಸುತ್ತಾರೆ. ನನ್ನ ಎರಡೂ ಕೆನ್ನೆಯ ಮೇಲೆ ಕಪ್ಪಗೆ ಬಂಗು ಎದ್ದಾಗ ಹೀಗೇ ಆಯಿತು. ಲೋಳೆಸರ ಹಚ್ಚು ಎಂದರು ಕೆಲವರು, ಲಿವರ್ ತೋರಿಸು ಎಂದರು ಇನ್ನು ಕೆಲವರು. ದೂರದ ಸಂಬಂಧಿಯೊಬ್ಬರಂತೂ ಮದುವೆ ಊಟದ ಪಂಕ್ತಿಯಲ್ಲಿ ಎದುರು ಸಾಲಿನಿಂದಲೇ, "ಎಂತದಾ ಅದು, ಮುಖ ತೊಳೀದೇ ಬಂದ್ಯನಾ?" ಎಂದು ಕೇಳಿದರು. ಬಡಿಸುವವರೂ ನಿಂತು ನೋಡಿದರು.

ಮನೆಯೊಳಗೆ ಕೂತು ಮಾಡುವ ಕೆಲಸವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾನು ಸೀರೆ ಅಂಗಡಿಯ ಕೌಂಟರಿನವನು. ನೋಡಿದ ಸೀರೆ ಮೈಮೇಲೆ ಹೇಗೆ ಕಾಣುತ್ತದೆ ಎಂದು ಗಿರಾಕಿ ಕೇಳಿದರೆ, ನೆರಿಗೆ ಹಿಡಿದು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿಕೊಂಡು, ಸೆರಗು ನನ್ನ ಹೆಗಲಿಗೇ ಹಾಕಿ, ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ತೋರಿಸುತ್ತೇನೆ. ಕಂಚಿ ಸೀರೆ ಹೊದ್ದು ನಿಂತವನ ಕೆನ್ನೆಯ ಮೇಲೆ ಎರಡು ಮಸಿ ಕಲೆ ಇದ್ದರೆ ಹೇಗಿರುತ್ತದೆ, ನೀವೇ ಯೋಚಿಸಿ. ಅದಕ್ಕೇ ಒಂದು ಬೆಳಿಗ್ಗೆ ಹೆಂಡತಿ ಶಾರದೆಯ ಪೌಡರಿನ ಡಬ್ಬಿ ತೆಗೆದು ಹಚ್ಚಿಕೊಂಡೆ. ಅವಳು ನಗುತ್ತಾಳೆಂದು ಹೆದರಿದ್ದೆ. ಅವಳು ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಬಂದು ನೋಡಿ, "ಕುತ್ತಿಗೆಗೂ ಹಚ್ಕಳಿ, ಇಲ್ದಿದ್ರೆ ತಲೆ ಬೇರೆಯವರದ್ದು ಹೇಳಿ ಕಾಣ್ತು" ಎಂದು ಒಳಗೆ ಹೋದಳು. ಇಡೀ ಊರಿನಲ್ಲಿ ಬುದ್ಧಿ ಇರುವ ಮಾತಾಡಿದವಳು ಅವಳೊಬ್ಬಳೇ.

ಅಂಗಡಿಯಲ್ಲಿ ನನ್ನ ಪಕ್ಕದ ಕೌಂಟರು ಯಲ್ಲಾಪುರದ ಮಕ್ಬೂಲನದು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಹೆಗಡೇರೆ, ಇವತ್ತು ಯಾವ ಮೇಳದ ಆಟ? ನಿಮ್ಮದು ಯಾವ ವೇಷ?" ಎಂದ. ಅವನದಿರಲಿ, ಜೊತೆಗಾರ. ಅಂಗಡಿಯ ಸಾಹುಕಾರರು ಬನವಾಸಿ ಕಡೆಯವರು, ಸಿಟ್ಟು ಬಂದರೂ ಮರ್ಯಾದೆ ಬಿಡದವರು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಹೇಳಿದರು: "ಹೆಗಡೇರ, ಮುಖಾ ತೊಳಕೊಂಡು ಬರ್ರಿ. ಗಿರಾಕಿ ನಕ್ಕರ ಅಂಗಡಿ ಹೆಸರು ಏನಾಗಬೇಕು? ಒಲ್ಲೆ ಅಂದ್ರ ಮ್ಯಾಲೆ ಗೋದಾಮಿನ್ಯಾಗ ಗಂಟು ಬಿಚ್ಚಿಕೋತ ಕುಂದರ್ರಿ, ಕೌಂಟರಿಗೆ ಮಕ್ಬೂಲ ಒಬ್ಬಾಂವ ಸಾಕು."

ಈ ಮಾತು ಹೇಳುವಾಗ ಅವರು ಮೀಸೆ ತೀಡಿಕೊಳ್ಳುತ್ತಿದ್ದರು. ಆ ಮೀಸೆ ಪ್ರತಿ ಭಾನುವಾರ ಕಪ್ಪಾಗುತ್ತದೆ, ಸೋಮವಾರ ಮೀಸೆಯ ಸುತ್ತಲಿನ ಚರ್ಮವೂ ಕಪ್ಪಾಗಿರುತ್ತದೆ. ಅದು ಬಣ್ಣವಲ್ಲವೋ? ತುಟಿಯ ಮೇಲೆ ಕೂದಲಿಗೆ ಹಚ್ಚಿದರೆ ಗಂಡಸುತನ, ಅಲ್ಲಿಂದ ಎರಡು ಬೆರಳು ಆಚೆ ಕೆನ್ನೆಗೆ ಹಚ್ಚಿದರೆ ಮರ್ಯಾದೆ ಹೋಯಿತು. ಹೋಳಿಯಲ್ಲಿ ಬೇಡರ ವೇಷದವನ ಮುಖಕ್ಕೆ ಕೆಂಪು ಬಳಿದು ಕಳಿಸಿದರೆ ಇದೇ ಜನ ಊಟ ಬಿಟ್ಟು ರಸ್ತೆಯಲ್ಲಿ ನಿಲ್ಲುತ್ತಾರೆ. ಯಕ್ಷಗಾನದ ಆಟದಲ್ಲಿ ಸ್ತ್ರೀವೇಷದವನು ಕಣ್ಣು ತಿರುಗಿಸಿದರೆ ಮುಂದಿನ ಸಾಲಿನಲ್ಲಿ ತಲೆದೂಗುತ್ತಾರೆ. ಇಷ್ಟು ವರ್ಷ ನಾನು ಹಾಡಹಗಲು ಸೀರೆ ಹೊದ್ದು ಸೊಂಟ ತಿರುಗಿಸಿದ್ದೇನೆ, ಒಬ್ಬರಾದರೂ ನಕ್ಕದ್ದುಂಟೋ? ಚಿಟಿಕೆ ಪೌಡರಿಗೆ ಮಾತ್ರ ಇವರು ಹಲ್ಲು ಕಿಸಿಯುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ತೊಳೆಯುವುದಿಲ್ಲ ಎಂದವನೇ ಗೋದಾಮಿನ ಮೆಟ್ಟಿಲು ಹತ್ತಿದೆ.

ಹತ್ತಿದ್ದೇನೋ ಸರಿ, ಮೇಲೆ ಮಾತಾಡಲು ಜನ ಬೇಕಲ್ಲ. ದಿನಕ್ಕೆ ನೂರು ಹೆಂಗಸರ ಮನೆಸುದ್ದಿ ಕೇಳಿ ಬದುಕಿದವನು ನಾನು. ಅಲ್ಲಿ ಗೋಣಿತಾಟು, ಜಿರಲೆ ಗುಳಿಗೆಯ ವಾಸನೆ, ತಲೆಯ ಮೇಲೆ ತಗಡು. ಕೆಳಗಿನ ನಗು ಕೇಳಿದಾಗಲೆಲ್ಲ ಇನ್ನು ನನ್ನ ಕೌಂಟರು ಹೋದಂತೆಯೇ ಎಂದುಕೊಂಡು ಮೆಟ್ಟಿಲ ತುದಿಗೆ ಬಂದು ಇಣುಕುತ್ತಿದ್ದೆ. ಆದರೂ ಹಟ ನೋಡಿ, ನೋಡುವವರು ಯಾರೂ ಇಲ್ಲದ ಗೋದಾಮಿಗೂ ದಿನಾ ಪೌಡರು ಹಚ್ಚಿಕೊಂಡೇ ಹೋದೆ, ಕುತ್ತಿಗೆಗೂ.

ಹೀಗಿರುವಾಗ ಭೈರುಂಬೆಯ ಭಾಗೀರಥಮ್ಮ ಮೊಮ್ಮಗಳ ಮದುವೆಯ ಜವಳಿಗೆ ಬಂದರು. ಅವರು ಹಳೇ ಗಿರಾಕಿ, ನನ್ನ ಹೆಗಲ ಮೇಲೆ ನೋಡದೆ ಸೀರೆ ತೆಗೆದುಕೊಂಡವರಲ್ಲ. ಹೆಗಡೆ ಎಲ್ಲಿ ಎಂದು ಜಮಖಾನೆಯ ಮೇಲೆ ಕೂತೇಬಿಟ್ಟರು. ಸಾಹುಕಾರರು ಬೇರೆ ದಾರಿಯಿಲ್ಲದೆ ನನ್ನನ್ನು ಕರೆಸಿದರು. ನಾನು ಹಾಗೇ ಇಳಿದು ಬಂದು ಸೀರೆ ಹೊದ್ದು ನಿಂತೆ. ಭಾಗೀರಥಮ್ಮ ಕನ್ನಡಕ ಸರಿಮಾಡಿಕೊಂಡು, "ಬಂಗು ಎಲ್ಲಿ ಹೋತಾ? ಎಂತ ಹಚ್ಚಿದ್ದೆ?" ಎಂದರು. ಪೌಡರು ಎಂದೆ, ಏನು ಬೇಕಾದರೂ ಅನ್ನಲಿ ಎಂದು. "ಚೊಲೋ ಆತು. ಮೊದ್ಲು ನೀ ಹೊದ್ದು ನಿಂತ್ರೆ ಯನ್ನ ಕಣ್ಣು ಬಂಗಿನ ಮೇಲೇ ಹೋಗ್ತಿತ್ತು. ಈಗ ಸೀರೆ ಕಾಣ್ತು. ಅದನ್ನೂ ಹೊದ್ದು ತೋರ್ಸು, ಅದರ ಆಚಿಂದನ್ನೂ ತೋರ್ಸು." ಮದುವೆಯ ಜವಳಿ ಅಷ್ಟೂ ನನ್ನ ಹೆಗಲ ಮೇಲಿಂದಲೇ ಇಳಿದು ಕಟ್ಟಾಯಿತು.

ಸಾಹುಕಾರರು ವ್ಯಾಪಾರಸ್ಥರು. ಮರುದಿನ ಬೆಳಿಗ್ಗೆ ನೋಡಿದರೆ ಎರಡೂ ಕೌಂಟರಿನ ಮೇಲೆ ಒಂದೊಂದು ಹೊಸ ಪೌಡರಿನ ಡಬ್ಬಿ. "ಬೋರ್ಡಿಗೆ ಲೈಟ್ ಹಾಕ್ಸೀವಿ, ಬಾಗಲಾಗಿನ ಗೊಂಬಿಗೆ ಬಣ್ಣ ಹಚ್ಚೀವಿ, ನಿಮ್ಮ ಮುಖಾ ಯಾಕ ಹಂಗ ಬಿಡೂದು?" ಎಂದರು. ನನ್ನ ಕೌಂಟರು ನನಗೆ ವಾಪಸು ಬಂತು. ನ್ಯಾಯ ಗೆದ್ದಿತು ಎಂದು ಎದೆಯುಬ್ಬಿಸಿ ನಿಂತೆ.

ನಾಲ್ಕು ದಿನ ಕಳೆಯಿತು. ಮಕ್ಬೂಲ ಮೊದಮೊದಲು ನಾಚಿಕೊಂಡ. ಆಮೇಲೆ ಅವನ ಮಗಳು ಹದವಾಗಿ ಹಚ್ಚಿ ಕಳಿಸಲು ಶುರುಮಾಡಿದಳು, ಕಣ್ಣಿಗೆ ತೆಳ್ಳಗೆ ಸುರುಮವನ್ನೂ ಎಳೆದಳು. ಅವನದು ಮೊದಲೇ ಲಕ್ಷಣವಾದ ಮುಖ. ಹಸಿರು ಇಳಕಲ್ ಹೊದ್ದು ನಿಂತರೆ ನನಗೇ ಕೊಳ್ಳೋಣ ಅನ್ನಿಸುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಆ ಕಡೆ ಸರಿದರು. ಬೀಗರಿಗೆ ಉಡುಗೊರೆ ತೆಗೆಯಲು ಮತ್ತೆ ಬಂದ ಭಾಗೀರಥಮ್ಮ ನನ್ನನ್ನು ದಾಟಿ ಹೋಗಿ, "ಮಕ್ಬೂಲ, ಇದನ್ನ ನೀ ಒಂಚೂರು ಹೊದ್ದು ತೋರ್ಸು" ಎಂದರು. ನಾನು ನೆಟ್ಟಗೆ ಸಾಹುಕಾರರ ಗಲ್ಲಾಪೆಟ್ಟಿಗೆಯ ಹತ್ತಿರ ಹೋದೆ.

"ಸಾಹುಕಾರ್ರೇ, ಇದು ಅತಿಯಾಯಿತು. ಗಂಡಸರು ಬೆಳಗಾದರೆ ಹೀಗೆ ಮುಖಕ್ಕೆ ಬಳಿದುಕೊಂಡು ಕೌಂಟರಿನಲ್ಲಿ ನಿಂತರೆ ನಾಲ್ಕು ಜನ ಏನಂದುಕೊಳ್ಳಬೇಕು?" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಳಸಿಬಿಡೂಣ. ಯಾರದು ಅಳಸಬೇಕ್ರಿ, ನಿಮ್ದೋ, ಮಕ್ಬೂಲಂದೋ?"

ಮಕ್ಬೂಲನದು ಸಾಕು ಎಂದೆ.