ನೋವು ನಿಂತ ಹಲ್ಲು

ಹಚ್ಚಿಕೊಂಡ ಕೆಲಸವನ್ನು ನಡುವೆ ಬಿಟ್ಟು ಏಳಬಾರದು. ವಿಜಾಪುರದಲ್ಲಿ ನಾನು ಹೆಡ್ ಮಾಸ್ತರನಾಗಿದ್ದ ಸಾಲಿಯ ಮೊದಲ ನಿಯಮ ಇದು. ಲೆಕ್ಕವನ್ನು ಅರ್ಧಕ್ಕೆ ಬಿಟ್ಟ ಹುಡುಗ ಗಂಟೆ ಹೊಡೆದರೂ ಮನೆಗೆ ಹೋಗುವಂತಿರಲಿಲ್ಲ. ಊರ ಮಂದಿ ಈ ನಿಯಮವನ್ನು ಮುರಿಯುತ್ತಲೇ ಇದ್ದರು, ನಾನು ಸಿಟ್ಟಾಗುತ್ತಲೇ ಇದ್ದೆ. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ನನ್ನದೇ ಮುಂದಿನ ಮೇಲ್ಹಲ್ಲೊಂದು ಕೀವು ತುಂಬಿ ಎದ್ದಿತು. ಆಮೇಲೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದಾಯಿತು.

೧. ಹೆಣ್ಣುಮಕ್ಕಳಿಗೆ ಮೊದಲ ಮಾನ

ನಾನು ಇಂಗ್ಲಿಷ್ ಕಲಿಸುವವನು. ‘ಫ’ ಎನ್ನಬೇಕಾದಲ್ಲಿ ‘ಪ’ ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವವನು. ಮುಂದಿನ ಹಲ್ಲು ಹೋದರೆ ‘ಫ’ ಹೊರಡದೆ ಬೆಂಚು ಹತ್ತಬೇಕಾದವನು ನಾನೇ. ಆದ್ದರಿಂದ ಆ ಹಲ್ಲು ಉಳಿಯಲೇಬೇಕಿತ್ತು.

ಮುಂಬಯಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರು ಸೊಲ್ಲಾಪುರ ರಸ್ತೆಯಲ್ಲಿ ದವಾಖಾನೆ ಇಟ್ಟಿದ್ದರು. ಅವರು ತಿಳಿಸಿ ಹೇಳಿದರು: “ಹಲ್ಲಿನ ಬೇರಿನೊಳಗ ಸಣ್ಣ ನಾಳ ಐತ್ರಿ ಸರ್. ಅದರಾಗಿನ ನರ ಕೊಳತೈತಿ. ಹಲ್ಲಿಗೆ ತೂತು ಕೊರದು, ನರ ತಗದು, ನಾಳ ತೊಳದು, ಔಷಧ ಇಟ್ಟು ಮುಚ್ಚಬೇಕು. ನಾಕೈದು ಸಲ ಬರಬೇಕಾಗತೈತಿ. ನೋವು ಮಾತ್ರ ಮೊದಲನೇ ಸಲಕ್ಕ ನಿಲ್ಲತೈತಿ. ಅದ ತ್ರಾಸು ನೋಡ್ರಿ. ನೋವು ನಿಂತ್ರ ಮಂದಿ ಬರೂದು ನಿಲ್ಲಸ್ತಾರ, ಒಳಗಿನ ಕೀವು ನಿಲ್ಲೂದಿಲ್ಲ.”

“ನಾನು ಅಂಥ ಮಂದಿಯಲ್ಲ” ಎಂದೆ.

ಆಗ ಕೊರೆಯುವ ಯಂತ್ರ ಕಣ್ಣಿಗೆ ಬಿತ್ತು. ದರ್ಜಿಯ ಮಶಿನಿನಂತೆ ಕಾಲಲ್ಲಿ ತುಳಿಯುವಂಥದು. ಜೊತೆಗೆ ಬಂದಿದ್ದ ನನ್ನ ಹೆಂಡತಿಗೂ ದವಡೆ ಹಲ್ಲೊಂದು ಕೆಟ್ಟಿತ್ತು. ಹೆಣ್ಣುಮಕ್ಕಳಿಗೆ ಮೊದಲ ಮಾನ ಕೊಡಬೇಕೆಂದು ನನಗೆ ಇಂಗ್ಲಿಷ್ ಸಾಲಿಯಲ್ಲಿ ಕಲಿಸಿದ್ದರು. ಅದುವರೆಗೆ ಎಂದೂ ಕೊಟ್ಟಿರಲಿಲ್ಲ. ಅಂದು ಕೊಟ್ಟೆ.

ಅವಳು ಸೆರಗು ಬಿಗಿದುಕೊಂಡು ಕುರ್ಚಿಯಲ್ಲಿ ಕೂತಳು. ನಾನು ಹೊರಗೆ ಬಂದು ಟಾಂಗಾದ ಕುದುರೆಯ ಹಲ್ಲು ನೋಡುತ್ತ ನಿಂತೆ.

೨. ತಿಕೋಟಾದ ಕಂಬಳಿ

ನನ್ನ ಪಾಳಿ ಮರುದಿನಕ್ಕೆ ಹೋಯಿತು. ಮರುದಿನ ಸಾಲಿಯಲ್ಲಿ ಕೆಲಸ ಬಂತು. ಅದರ ಮರುದಿನ ಬರಲಿಲ್ಲ, ನಾನೇ ಹುಡುಕಿಕೊಂಡೆ. ಅಷ್ಟರಲ್ಲಿ ತುಟಿ ಬಾತಿತು. ತಿಕೋಟಾದ ಮುದುಕಿಯೊಬ್ಬಳು ಹಲ್ಲಿನ ಹುಳ ಬೀಳಿಸುತ್ತಾಳೆಂದು ಸಾಲಿಯ ಸಿಪಾಯಿ ಹೇಳಿದ. ಕೆಂಡದ ಮೇಲೆ ಕಾಡುಬದನೆಯ ಬೀಜ ಹಾಕಿ, ಕಂಬಳಿ ಹೊದ್ದು, ಹೊಗೆಯನ್ನು ಬಾಯಿಗೆ ತಗೊಳ್ಳಬೇಕಂತೆ. “ಹುಳ ಅನ್ನೋದೇ ಮೂಢನಂಬಿಕೆ” ಎಂದು ಅವನಿಗೆ ದೊಡ್ಡ ಭಾಷಣ ಮಾಡಿದೆ. ರವಿವಾರ, ಆ ಬಿರುಬೇಸಿಗೆಯಲ್ಲಿ, ಮುಖಕ್ಕೆ ಮಫ್ಲರು ಸುತ್ತಿಕೊಂಡು ತಿಕೋಟಾಕ್ಕೆ ಹೋದೆ.

“ಬಾಯಿ ಅಗಲ ತಗೀಯೋ ಯಪ್ಪಾ, ಹುಳ ಹೊರಗ ಬರ್ಲಿ” ಎಂದು ಮುದುಕಿ ಕಂಬಳಿಯ ಆಚೆಯಿಂದ ಕೂಗಿದಳು. ಅದೇ ಕಂಬಳಿಯೊಳಗೆ ನನ್ನ ಪಕ್ಕದಲ್ಲಿ ಇನ್ನೊಬ್ಬ ರೋಗಿ ಕೆಮ್ಮಿದ. ಎಲ್ಲೋ ಕೇಳಿದ ಕೆಮ್ಮು. ಕೆಂಡದ ಬೆಳಕಿನಲ್ಲಿ ನೋಡಿದರೆ ನಮ್ಮ ಸಾಲಿಯ ವಿಜ್ಞಾನದ ಮಾಸ್ತರರು!

“ನೀವು ಇಲ್ಲಿ?” ಎಂದೆ.

“ಹೊಗಿ ಮ್ಯಾಲ ಹೆಂಗ ಏರತೈತಿ ಅಂತ ನೋಡಾಕ ಬಂದಿದ್ದೆ ಸರ್. ತಾವು?”

“ನಿಮ್ಮ ತಪಾಸಣೆಗೆ.”

“ಹಂಗಾರ ಇನ್ನೊಂಚೂರು ಮುಂದ ಬಗ್ಗ್ರಿ ಸರ್. ಹೊಗಿ ಈ ಕಡೆ ಜಾಸ್ತಿ ಐತಿ.”

ಬಗ್ಗಿದೆ.

೩. ಬಬಲೇಶ್ವರದ ಮದುವೆ

ಹುಳ ಬೀಳಲಿಲ್ಲ, ಬಾವು ಏರಿತು. ಕಡೆಗೂ ಕುರ್ಚಿಯಲ್ಲಿ ಕೂತೆ. ಡಾಕ್ಟರರು ಕೊರೆದರು, ಕೀವು ಹರಿದುಹೋಯಿತು, ನೋವು ನಿಂತಿತು. ತೂತಿಗೆ ಬಿಳಿಯದೇನನ್ನೋ ಮೆತ್ತಿ, “ಇದು ಬರೇ ಮುಚ್ಚಳ ಐತ್ರಿ. ಗಟ್ಟಿದ್ದು ಕಡೀಬ್ಯಾಡ್ರಿ. ಬುಧವಾರ ಮತ್ತ ಬರ್ರಿ” ಎಂದರು.

ಬುಧವಾರ ಬಬಲೇಶ್ವರದಲ್ಲಿ ಹೆಂಡತಿಯ ಕಾಕಾನ ಮಗಳ ಮದುವೆ. ಹೆಂಡತಿಯ ಹಲ್ಲಿಗೂ ಅಂದೇ ಕಡೆಯ ಸಲ.

“ನಿನ್ನ ಹಲ್ಲಿನ ನೋವು ನಿಂತು ಎಷ್ಟ ದಿನಾತು. ಇನ್ನೇನು ನೋಡೂದೈತಿ? ಗಾಡಿ ಹತ್ತು” ಎಂದೆ.

“ನಾ ಬರೂದಿಲ್ರಿ.”

“ನಿಮ್ಮ ಕಾಕಾನ ಮಗಳ ಮದುವಿ! ಮಂದಿ ಏನಂದಾರು?”

“ಕೆಲಸ ನಡುವ ಬಿಡಬಾರದು ಅಂತ ದಿನಾ ಹೇಳವರು ನೀವ ಅಲ್ಲೇನ್ರಿ? ಮದುಮಕ್ಕಳ ಮ್ಯಾಲ ನನ್ನ ಪಾಲಿನ ಅಕ್ಕಿಕಾಳೂ ನೀವ ಹಾಕಿ ಬರ್ರಿ.”

“ಆ ನಿಯಮ ಸಾಲಿ ಹುಡುಗ್ರಿಗೆ” ಎಂದು ಹೇಳಿ ಒಬ್ಬನೇ ಹೋದೆ.

ಊಟದ ಪಂಗ್ತಿಯಲ್ಲಿ ಅವಳ ಕಾಕಾ ರೊಟ್ಟಿಯ ಬುಟ್ಟಿ ಹಿಡಿದು ನಿಂತರು. ಒಣಗಿಸಿದ ಕಟಕ ರೊಟ್ಟಿ. “ಅಳಿಯಂದ್ರ, ನಮ್ಮ ಹುಡುಗಿ ಬಂದಿಲ್ಲ. ಅಕಿ ಪಾಲಿಂದೂ ನೀವ ತಿನ್ನಬೇಕು!” ತತ್ತ್ವದ ಮನುಷ್ಯನಾದ ನಾನು ಒಲ್ಲೆ ಎಂದೆ. ಮತ್ತೊಮ್ಮೆ ಒಲ್ಲೆ ಎಂದೆ. ಆಮೇಲೆ ಕಡಿದೆ.

ಕಟ್!

ನೋಡಿದರೆ ರೊಟ್ಟಿ ಇಡಿಯಾಗಿಯೇ ಇತ್ತು.

೪. ಎದುರಿನ ತಾಟು

“ಮುಚ್ಚಳ ಅಷ್ಟ ಅಲ್ರಿ ಸರ್, ಹಲ್ಲು ಬೇರಿನ ತನಕ ಸೀಳೇತಿ. ಉಳಿಯೂದಿಲ್ಲ” ಎಂದು ಡಾಕ್ಟರರು ಕಿತ್ತರು.

ಮರುದಿನ ತರಗತಿಯಲ್ಲಿ ‘ಫಾದರ್’ ಎನ್ನಹೋದೆ. ಬರೇ ಗಾಳಿ ಬಂತು. ಹುಡುಗರು ನನ್ನನ್ನು ನೋಡಿದರು, ಆಮೇಲೆ ಬೆಂಚನ್ನು ನೋಡಿದರು.

ಮಧ್ಯಾಹ್ನ ಊಟಕ್ಕೆ ಬಂದರೆ, ಹೆಂಡತಿ ಕೂಸಿಗೆ ಕಲಸಿದಂತೆ ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟಿದ್ದಳು.

“ಏನರ ಅನ್ನೂದಿದ್ರ ಅಂದುಬಿಡು” ಎಂದೆ.

“ನಾ ಏನ ಅನ್ನಲ್ರಿ?”

ಎಂದೂ ನನ್ನ ಊಟ ಮುಗಿದ ಮೇಲೆ ಉಣ್ಣುವವಳು, ಅಂದು ತನ್ನ ತಾಟು ತಂದು ಎದುರಿಗೇ ಕೂತಳು. ಬುಟ್ಟಿಯಿಂದ ಇದ್ದುದರಲ್ಲಿ ಗಟ್ಟಿಯಾದ ಒಂದು ಕಟಕ ರೊಟ್ಟಿ ಆರಿಸಿದಳು. ಕೈಯಿಂದ ಮುರಿಯಲಿಲ್ಲ. ಬುಧವಾರ ಕೆಲಸ ಮುಗಿಸಿಕೊಂಡಿದ್ದ ಆ ದವಡೆ ಹಲ್ಲಿಗೇ ನೆಟ್ಟಗೆ ಕೊಟ್ಟು, ನನ್ನನ್ನೇ ನೋಡುತ್ತ, ಕಟ್ಟೆಂದು ಕಡಿದಳು.