ಒಂದು ಕೇಜಿ ಬೆಕ್ಕು

ಬೇರೆಯವರ ಮಕ್ಕಳನ್ನು ತೂಗುವುದು ಬಹಳ ಸುಲಭ. ಇಪ್ಪತ್ತೆರಡು ವರ್ಷಗಳಿಂದ ಕುಕ್ಕುಂದೂರಿನ ಅಂಗನವಾಡಿಯಲ್ಲಿ ಅದನ್ನೇ ಮಾಡುತ್ತಾ ಬಂದ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ. ಮಗುವನ್ನು ತೂಗುವುದು, ಚಾರ್ಟಿನಲ್ಲಿ ಚುಕ್ಕಿ ಇಡುವುದು, ಚುಕ್ಕಿ ಹಸಿರು ಪಟ್ಟಿಯಿಂದ ಹಳದಿಗೆ ಜಾರಿದರೆ ತಾಯಿಯನ್ನು ಕನ್ನಡಕದ ಮೇಲಿನಿಂದ ನೋಡುವುದು. ಕೆಂಪಿಗೆ ಬಿತ್ತೋ, ನನ್ನ ಭಾಷಣ ಶುರು. ಆ ತಾಯಂದಿರು ಏನೇನೋ ನೆಪ ಹೇಳುತ್ತಾರೆ. ನಾನು ಒಂದನ್ನೂ ನಂಬುವುದಿಲ್ಲ. ನಂಬುತ್ತಿರಲಿಲ್ಲ ಎನ್ನಬೇಕು. ಏಕೆಂದರೆ ಈ ವರ್ಷ ನಮ್ಮ ಮನೆಗೂ ಒಂದು ಮಗು ಬಂತು. ಅದಕ್ಕೆ ನಾಲ್ಕು ಕಾಲು, ಒಂದು ಬಾಲ ಇದ್ದವು ಎಂಬುದು ಬೇರೆ ಮಾತು.

ಬಚ್ಚಲಿನ ಸೌದೆಯ ಸಂದಿಯಲ್ಲಿ ತಾಯಿಬೆಕ್ಕು ನಾಲ್ಕು ಮರಿ ಹಾಕಿತ್ತು. ಒಂದು ದಿನ ಮೂರನ್ನು ಕಚ್ಚಿಕೊಂಡು ಎಲ್ಲಿಗೋ ಹೋಯಿತು. ನಾಲ್ಕನೆಯದಕ್ಕಾಗಿ ಬರುತ್ತದೆಂದು ಎರಡು ದಿನ ಕಾದೆವು, ಬರಲಿಲ್ಲ. ಬೂದುಬಣ್ಣದ ಆ ಮರಿ ನನ್ನ ಅಂಗೈಯಲ್ಲಿ ಕೂತರೆ ಇನ್ನೂ ಜಾಗ ಉಳಿಯುತ್ತಿತ್ತು. ನಮ್ಮ ಮನೆಯವರಿಗೆ ಹಾಸ್ಯಪ್ರಜ್ಞೆ ಸ್ವಲ್ಪ ಹೆಚ್ಚು. ಅವರು ಅದಕ್ಕೆ "ಆನೆ" ಎಂದು ಹೆಸರಿಟ್ಟು ಪೇಪರ್ ಓದಲು ಕೂತರು. ಸಾಕುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೇನು ಮಹಾ, ನೂರಾರು ಮಕ್ಕಳನ್ನು ನೋಡಿದವಳಲ್ಲವೇ ನಾನು! ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ಹಸಿರು, ಹಳದಿ, ಕೆಂಪು ಪಟ್ಟಿ ಎಳೆದು, ಫ್ರಿಜ್ಜಿನ ಮೇಲೆ ಅಂಟಿಸಿದೆ.

ಚಾರ್ಟೇನೋ ಆಯಿತು, ತೂಗುವುದು ಎಲ್ಲಿ? ಸರಕಾರದ ತಕ್ಕಡಿಯಲ್ಲಿ ಬೆಕ್ಕನ್ನು ಕೂರಿಸುವಷ್ಟು ಎದೆಗಾರಿಕೆ ನನಗಿಲ್ಲ. ಎರ್ಮಾಳಿನಿಂದ ಸ್ಕೂಟರಿನಲ್ಲಿ ಮೀನು ತರುವ ಗಿರಿಜಕ್ಕನ ಬಳಿ ಒಳ್ಳೆಯ ಡಿಜಿಟಲ್ ತಕ್ಕಡಿ ಉಂಟು. ಒಂದು ಶನಿವಾರ ಬೆಳಿಗ್ಗೆ, ಪಾತ್ರೆ ಹಿಡಿದು ನಿಂತ ಹೆಂಗಸರ ನಡುವೆ ನುಗ್ಗಿ ಮರಿಯನ್ನು ಮುಂದೆ ಹಿಡಿದೆ. ಗಿರಿಜಕ್ಕ ತಕ್ಕಡಿಯನ್ನು ಒರೆಸಿ, ಪೇಪರ್ ಹಾಸಿ, ಮರಿಯನ್ನಿಟ್ಟು ಕಣ್ಣರಳಿಸಿದರು.

"ಮುನ್ನೂರ ಹತ್ತು ಗ್ರಾಂ! ಎಂತ ಟೀಚರ್ ಇದು? ನನ್ನ ಬುಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಬಂಗುಡೆ ಉಂಟು ಮಾರಾಯ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಶನಿವಾರವೂ ಅಷ್ಟೇ ಮುನ್ನೂರ ಹತ್ತು ಬಂದಾಗ ನನ್ನ ನಗು ಅರ್ಧವಾಯಿತು. ಹಾಲು ಸಾಲದು ಎಂದುಕೊಂಡು ದಿನಕ್ಕೆ ಮೂರು ಸಲ ಕೊಡುತ್ತಿದ್ದ ದನದ ಹಾಲನ್ನು ಐದು ಸಲ ಮಾಡಿದೆ. ಮರಿ ನೆಕ್ಕುತ್ತಿತ್ತು, ಹೊಟ್ಟೆ ಡೋಲಿನಂತೆ ಉಬ್ಬುತ್ತಿತ್ತು, ಆಮೇಲೆ ಎಲ್ಲವೂ ನೀರಾಗಿ ಹೊರಗೆ ಹೋಗುತ್ತಿತ್ತು. ಮೂರನೆಯ ಶನಿವಾರ ಗಿರಿಜಕ್ಕ ತಮಾಷೆ ಮಾಡಲಿಲ್ಲ. ಮೆಲ್ಲಗೆ, "ಇನ್ನೂರ ತೊಂಬತ್ತೈದು, ಟೀಚರ್," ಎಂದರು.

ಆಗ ಪಕ್ಕದಲ್ಲಿ ನಿಂತಿದ್ದವಳು ಶಾಲಿನಿ. ಗಂಡ ದುಬೈಯಲ್ಲಿ. ಮಗ ಅದ್ವಿಕ್ ನಮ್ಮ ಅಂಗನವಾಡಿಯ ಕಡ್ಡಿಪೈಲ್ವಾನ. ಅವನ ತೂಕದ ವಿಷಯದಲ್ಲಿ ನಾನು ಅವಳಿಗೆ ಕೊಟ್ಟಷ್ಟು ಭಾಷಣವನ್ನು ಬೇರೆ ಯಾರಿಗೂ ಕೊಟ್ಟಿಲ್ಲ.

"ಟೀಚರ್, ತೂಕ ಇಳಿದಿದೆಯಲ್ಲ?" ಎಂದಳು.

"ಇದು ಹುಟ್ಟಿದ್ದೇ ಸಣ್ಣ. ಇದರ ತಾಯಿಯೂ ಹಾಗೇ," ಎಂದೆ.

"ಹೊಟ್ಟೆ ಸರಿ ಉಂಟಾ?"

"ಸ್ವಲ್ಪ ಲೂಸ್. ಹಲ್ಲು ಬರುವ ಸಮಯ ಅಲ್ವಾ?"

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಬೇಕು. ಪುರುಸೊತ್ತೇ ಆಗಲಿಲ್ಲ. ಅದೂ ಅಲ್ಲದೆ, ಎಲ್ಲರೂ ನೋಡಿ ನೋಡಿ ದೃಷ್ಟಿ ಆಗಿದೆಯೋ ಏನೋ..."

ಶಾಲಿನಿ ನನ್ನನ್ನೇ ನೋಡಿದಳು. ಅವಳಿಗೆ ಕನ್ನಡಕ ಇಲ್ಲ, ಆದರೂ ಕನ್ನಡಕದ ಮೇಲಿನಿಂದ ನೋಡಿದ ಹಾಗೇ ಇತ್ತು. ನಾನು ಹೇಳಿದ ನಾಲ್ಕು ನೆಪಗಳನ್ನೂ ಅವಳು ಒಂದಲ್ಲ ಒಂದು ದಿನ ನನಗೆ ಹೇಳಿದ್ದಳು, ನಾನು ಒಪ್ಪಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮರಿ ನನ್ನ ಕೈಯಲ್ಲಿ ಬೆಚ್ಚಗಿರಲಿಲ್ಲ, ಎರಡು ದಿನದಿಂದ ನನ್ನ ಸೆರಗು ಹಿಡಿದು ಆಡಿಯೂ ಇರಲಿಲ್ಲ. ಇದು ಸತ್ತೇ ಹೋದರೆ ಎಂಬ ಯೋಚನೆ ಬಂದದ್ದೇ ತಡ, ತೆಗೆದುಕೊಳ್ಳಬೇಕಿದ್ದ ಬೂತಾಯಿ ಮೀನನ್ನು ಅಲ್ಲೇ ಬಿಟ್ಟು, ಮರಿಯನ್ನು ಟವೆಲಿನಲ್ಲಿ ಸುತ್ತಿ, ರಿಕ್ಷಾ ಹತ್ತಿ ಕಾರ್ಕಳ ಪೇಟೆಯ ಪಶುವೈದ್ಯರ ಬಳಿಗೆ ಓಡಿದೆ.

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಮರಿ ಹುಟ್ಟಿದ ದಿನ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಅಂದಾಜಿನಲ್ಲಿ ಎರಡೂವರೆ ತಿಂಗಳು ಎಂದೆ. ಅವರು ಅದರ ಬಾಯಿ ಬಿಡಿಸಿ ಹಲ್ಲು ನೋಡಿ, "ಆರು ವಾರ ಅಷ್ಟೇ ಆಂಟಿ. ವಯಸ್ಸು ಹೆಚ್ಚು ಹೇಳಿ ಶಾಲೆಗೆ ಸೇರಿಸಲಿಕ್ಕೆ ಉಂಟಾ?" ಎಂದರು. ಹೊಟ್ಟೆಯಲ್ಲಿ ಹುಳ ಇತ್ತು, ಜೊತೆಗೆ ದನದ ಹಾಲು ಅದಕ್ಕೆ ಆಗುತ್ತಿರಲಿಲ್ಲ. ಹುಳದ ಔಷಧಿ ಕೊಟ್ಟರು, ದನದ ಹಾಲು ನಿಲ್ಲಿಸಿದರು. ಬೆಕ್ಕಿನ ಮರಿಗಳ ಆಹಾರವನ್ನೇ ಮೆತ್ತಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡಬೇಕು, ಜೊತೆಗೆ ಮುಳ್ಳು ತೆಗೆದ ಬೇಯಿಸಿದ ಮೀನು ಒಂದಿಷ್ಟು, ಮಲಗುವಲ್ಲಿ ಬಿಸಿನೀರಿನ ಬಾಟಲಿ ಎಂದರು.

"ಮರಿ ಸಣ್ಣದಿದ್ದರೆ ಹೆದರಬೇಡಿ ಆಂಟಿ. ಸಣ್ಣದಾಗಿಯೇ ಆಡಿಕೊಂಡು, ತಿಂದುಕೊಂಡು, ವಾರ ವಾರ ಏರುತ್ತಾ ಇದ್ದರೆ ತೊಂದರೆ ಇಲ್ಲ. ಏರದೆ ನಿಂತರೆ ಹೆದರಬೇಕು. ಇಳಿದರೆ, ತಿನ್ನದಿದ್ದರೆ, ಮಂಕಾದರೆ, ಮೈ ತಣ್ಣಗಾದರೆ ಕೂಡಲೇ ತರಬೇಕು. ನೀವು ಎರಡು ವಾರ ಕಾದದ್ದು ಯಾಕೆ? ಅಂದ ಹಾಗೆ, ನೀವು ಎಂತ ಕೆಲಸ ಮಾಡುವುದು?"

"ಮನೆಯಲ್ಲೇ ಇರುವುದು," ಎಂದೆ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದೇ.

ಮುಂದಿನ ಶನಿವಾರ ಮುನ್ನೂರ ಎಪ್ಪತ್ತು. ಅದರ ಮುಂದಿನದು ನಾನೂರ ಎಂಬತ್ತು. ಆಮೇಲೆ ಆನೆ ಹಿಂದೆ ನೋಡಲಿಲ್ಲ. ಪರದೆ ಹತ್ತಿತು, ನಮ್ಮ ಮನೆಯವರ ಪೇಪರನ್ನು ಅವರು ಓದುತ್ತಿರುವಾಗಲೇ ಹರಿಯಿತು, ಫ್ರಿಜ್ಜಿನ ಮೇಲಿನ ಚಾರ್ಟಿನ ಹಸಿರು ಪಟ್ಟಿಯನ್ನು ಉಗುರಿನಿಂದ ಕೆರೆದು ಹಾಕಿತು. ನಾನು ಇನ್ನೊಂದು ಚಾರ್ಟು ಬರೆದೆ. ಶನಿವಾರ ಬಂದರೆ ಬೀದಿಯ ಹೆಂಗಸರು ಮೀನಿನ ದರ ಕೇಳುವ ಮೊದಲು ಆನೆಯ ತೂಕ ಕೇಳತೊಡಗಿದರು. ಎಂಟನೆಯ ಶನಿವಾರ ಗಿರಿಜಕ್ಕ ತಕ್ಕಡಿಗೆ ಬಗ್ಗಿದವರು ನೆಟ್ಟಗೆ ನಿಂತು, ದೂರದ ಕಡಲತೀರದ ಕಾಪುವಿನ ದೀಪಸ್ತಂಭದವರೆಗೆ ಕೇಳಿಸುವ ಹಾಗೆ ಕೂಗಿದರು: "ಒಂದು ಕೇಜಿ! ಮೇಲೆ ಹತ್ತು ಗ್ರಾಂ!"

ನಾನು ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ವಿಶ್ವಕಪ್ ಗೆದ್ದವರೂ ಅಷ್ಟು ಬೀಗಿರಲಿಕ್ಕಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಎಲ್ಲರೂ ನಗುತ್ತಾ ಚಪ್ಪಾಳೆ ಹೊಡೆದರು, ಶಾಲಿನಿಯೂ ಹೊಡೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ಟೀಚರ್, ಹೋದ ತಿಂಗಳು ಅದ್ವಿಕ್ ಹಸಿರಿಗೆ ಬಂದ. ನೀವು 'ಹಾಂ' ಅಂತ ಹೇಳಿ ಮುಂದಿನ ಮಗುವನ್ನು ಕರೆದ್ರಿ."

 ಆ ಹಸಿರು ಚುಕ್ಕಿಗಾಗಿ ಅವಳು ಎಷ್ಟು ದಿನ ತಟ್ಟೆ ಹಿಡಿದು ಆ ಹುಡುಗನ ಹಿಂದೆ ಓಡಿದ್ದಳೋ ಏನೋ. ಬೆಕ್ಕನ್ನು ಕೆಳಗೆ ಬಿಟ್ಟು, "ಶಾಲಿನಿ, ತಪ್ಪಾಯಿತು. ಈಗ ಅದ್ವಿಕನಿಗೆ!" ಎಂದು ನಾನೇ ಮೊದಲು ಚಪ್ಪಾಳೆ ಹೊಡೆದೆ. ಗಿರಿಜಕ್ಕ, ಉಳಿದ ಹೆಂಗಸರು ಎಲ್ಲರೂ ಜೋರಾಗಿ ಹೊಡೆದರು. ಶಾಲಿನಿ ನಾಚಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಚಪ್ಪಾಳೆ ನಿಲ್ಲುವಷ್ಟರಲ್ಲಿ, ಅವಳು ಕೆಳಗಿಟ್ಟಿದ್ದ ಪಾತ್ರೆಯಿಂದ ಅತಿ ದೊಡ್ಡ ಬಂಗುಡೆಯನ್ನು ಕಚ್ಚಿಕೊಂಡು ಆನೆ ನಮ್ಮ ಮನೆಯ ಗೇಟಿನ ಒಳಗೆ ನುಗ್ಗಿಯಾಗಿತ್ತು.

"ಟೀಚರ್, ನಿಮ್ಮ ಬೆಕ್ಕು!" ಎಂದು ಅವಳು ಕಿರುಚಿದಳು.

ನಾನು ಗದರಿಸಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ: "ಇರಲಿ ಬಿಡು ಶಾಲಿನಿ, ಬೆಳೆಯುವ ಮಗು."