ಹೇಳಿ ಕಳಿಸ್ತೀವಿ ಎಂದು ಬಂದ ಕಾಲೇಜು

ಹೆಣ್ಣು ಕೊಡುವ ಮನೆಯನ್ನು ಹೇಳದೆ ಕೇಳದೆ ಹೋಗಿ ನೋಡಬೇಕು ಎನ್ನುವವಳು ನಾನು. ಮೊದಲೇ ತಿಳಿಸಿ ಹೋದರೆ ಎಂಥ ಮನೆಯೂ ಚಲೋ ಕಾಣುತ್ತದೆ. ಅಂಗಳ ಸಾರಿಸಿರುತ್ತಾರೆ, ಜಗಳಗಂಟಿ ಅತ್ತೆಯನ್ನು ಪರವೂರಿಗೆ ಸಾಗಿಸಿರುತ್ತಾರೆ. 'ಕುಡಿಯಾಕ ನೀರು ಕೊಡ್ರಿ' ಎಂದು ಸೀದಾ ಹಿತ್ತಲಿಗೆ ನುಗ್ಗಿದರೆ ಖರೇ ಸಂಗತಿ ತಿಳಿಯುತ್ತದೆ. ಮೂವರು ಹೆಣ್ಣುಮಕ್ಕಳನ್ನು ಹೀಗೆಯೇ ನೋಡಿ ಕೊಟ್ಟೆ. ಒಬ್ಬಳೂ ತಿರುಗಿ ಬಂದಿಲ್ಲ. ಬಂದಿದ್ದರೂ ನಾನು ಇಟ್ಟುಕೊಳ್ಳುವವಳಲ್ಲ.

ನಾನು ಕಲಿತದ್ದು ಎರಡನೆಯ ಇಯತ್ತೆ. ಆದರೂ ಮೊಮ್ಮಗಳು ನೇತ್ರಾಳಿಗೆ ಕಾಲೇಜು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆಗೆ ಅರ್ಥಶಾಸ್ತ್ರವೇ ಬೇಕು, ಅದೂ ರೋಣದಲ್ಲಿ. ನನ್ನ ಮಗನಿಗೆ ನರಗುಂದದ ಹೊಸ ಕಾಲೇಜಿನ ಮೇಲೆ ಕಣ್ಣು. ಇಬ್ಬರೂ ವಾರಗಟ್ಟಲೆ ಬಡಿದಾಡಿದ ಮೇಲೆ ಮಗ ಸೋತು, 'ಯವ್ವಾ, ನೀನ ನೋಡಿ ಬಾ. ನೀ ಎಲ್ಲಿ ಹೂಂ ಅಂತಿ ಅಲ್ಲಿ. ಇಲ್ಲಾಂದ್ರ ಮನ್ಯಾಗ ಇರ್ಲಿ' ಎಂದ. ಹೆಂಗಸರಿಗೆ ಬಸ್ಸು ಪುಕ್ಕಟೆ. ಸೂಡಿಯಿಂದ ಮೊದಲ ಬಸ್ಸಿಗೇ ಹೊರಟೆವು. ನನ್ನ ಮದುವೆಗೆ ಹೊರಟಾಗಲೂ ಅಷ್ಟು ಹುರುಪು ಇರಲಿಲ್ಲ.

ನರಗುಂದದ ಕಾಲೇಜಿನ ನೆಲದಲ್ಲಿ ಮುಖ ಕಾಣುತ್ತಿತ್ತು. ನಾನು ಹಿಂದುಗಡೆ ಹೋಗಿ, ಕಸ ಗುಡಿಸುತ್ತಿದ್ದವಳನ್ನು ಹಿಡಿದೆ.

'ಅರ್ಥಶಾಸ್ತ್ರದ ಮಾಸ್ತರ್ ಹ್ಯಾಂಗದಾರವಾ?'

'ಅವ್ರು ಬಿಟ್ಟು ಹೋಗಿ ಭಾಳ ದಿನಾತು ಬೇ ಯವ್ವಾ. ಅವ್ರ ಖೋಲಿ ಮಾತ್ರ ದಿನಾ ಗುಡಸ್ತೀನಿ.'

ರೋಣದ ಬಸ್ಸು ಹತ್ತಿದೆವು.

ಅಲ್ಲಿ ಗೋಡೆಯ ಸುಣ್ಣ ಉದುರುತ್ತಿತ್ತು. ಕಾಗದಪತ್ರದ ಚೀಲದೊಂದಿಗೆ ನೇತ್ರಾಳನ್ನು ಕಚೇರಿಯ ಕಿಡಕಿಯ ಮುಂದೆ ನಿಲ್ಲಿಸಿ ನಾನು ಹಿತ್ತಲಿಗೆ ನಡೆದೆ. ಬೇವಿನ ಗಿಡದ ಕೆಳಗೆ ಮಾಸ್ತರನೊಬ್ಬ ಹುಡುಗಿಯರನ್ನು ಕೂಡಿಸಿಕೊಂಡು, 'ಈ ವರ್ಷ ರೇಟ್ ಬಂತಂತ ಎಲ್ಲಾರೂ ಉಳ್ಳಾಗಡ್ಡಿ ಹಾಕಿದ್ರ ಮುಂದ ಏನಾಗ್ತೈತಿ?' ಎಂದು ಕೇಳುತ್ತಿದ್ದ. ಹುಡುಗಿಯರು ಪುಸ್ತಕ ತಿರುವುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

'ರೇಟ್ ಬಿದ್ದು ಎಮ್ಮಿ ಮುಂದ ಸುರಿಯೂದಾಗ್ತೈತಿ!' ಎಂದು ಕೂಗಿಬಿಟ್ಟೆ.

'ಬರ್ರಿ ಅಮ್ಮಾ, ಕೂಡ್ರಿ' ಎಂದ ಮಾಸ್ತರ. ಕುಳಿತೆ. ಒಂದು ತಾಸು ಏಳಲಿಲ್ಲ. ನಾನು ಇಷ್ಟು ವರ್ಷ ಬೈದುಕೊಂಡು ಬಂದದ್ದನ್ನೇ ಆತ ಚಿತ್ರ ಬರೆದು ತೋರಿಸುತ್ತಿದ್ದ!

ಹೊರಡುವಾಗ ಕಿಡಕಿಯಲ್ಲಿದ್ದ ಗುಮಾಸ್ತ, 'ಹ್ಯಾಂಗ ಅನಸ್ತ್ರೀ ಅಜ್ಜಿ ನಮ್ಮ ಕಾಲೇಜು?' ಎಂದ. ನನ್ನ ಮನಸ್ಸು ಕುಣಿಯುತ್ತಿತ್ತು. ಆದರೆ ಎಷ್ಟೇ ಹಿಡಿಸಿದರೂ ನಿಂತ ಕಾಲಲ್ಲಿ ಒಪ್ಪಿದರೆ ನಾವು ಹಗುರಾಗುತ್ತೇವೆ. ಮುಖ ಬಿಗಿದು, 'ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ' ಎಂದು ಹೊರಬಿದ್ದೆ. ನೇತ್ರಾ ಏನೋ ಹೇಳಲು ಬಂದಳು. 'ಸುಮ್ನ ನಡಿ, ಅವ್ರಿಗೆ ಗೊತ್ತಾಗಬಾರ್ದು' ಎಂದು ಗದರಿದೆ.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ ಮಗಳನ್ನು ಎಳೆದುಕೊಂಡು ಓಡುತ್ತಿದ್ದ. 'ಲಗೂ ಬಾ, ಕಾಲೇಜಿಗೆ ಅರ್ಜಿ ಹಾಕಾಕ ಇವತ್ತ ಕಡೇ ದಿನ! ಐದಕ್ಕ ಕಿಡಕಿ ಮುಚ್ಚತಾರ!'

ನನ್ನ ಬಿಗುಮಾನಕ್ಕೆ ಹುಡುಗಿ ಮನೆಯಲ್ಲಿ ಕೂಡಬೇಕೇ? ಸೀರೆ ಎತ್ತಿ ಕಟ್ಟಿ ಓಡಿದೆ. 'ಅಜ್ಜೀ, ನಿಲ್ಲು!' ಎಂದು ನೇತ್ರಾ ಹಿಂದೆ ಓಡಿಬಂದಳು. ನಿಲ್ಲಲು ಪುರಸೊತ್ತೆಲ್ಲಿ? ಆ ಅಪ್ಪ ಮಗಳನ್ನೂ ಹಿಂದೆ ಹಾಕಿ ಕಿಡಕಿಯ ಸರಳು ಹಿಡಿದು, 'ಒಪ್ಪೀವ್ರಿ! ಹುಡುಗಿ ನಿಮ್ಮಾಕಿ!' ಎಂದು ಒದರಿದೆ.

ಗುಮಾಸ್ತ ಕನ್ನಡಕ ಏರಿಸಿ, 'ಆಕಿ ಆಗ್ಲೇ ಅರ್ಜಿ ಕೊಟ್ಟಾಳಲ್ರಿ. ಸೀಟೂ ಆಗೇತಿ' ಎಂದ.

'ನನ್ನ ಕೇಳದ ಕೊಟ್ಟಿಯೇನ?' ಎಂದು ಮೊಮ್ಮಗಳತ್ತ ತಿರುಗಿದೆ.

'ನೀ ಗಿಡದ ಬುಡಕ ನಕ್ಕೋತ ಕುಂತಿದ್ದಿ. ಇನ್ನೊಂದ ಚೂರು ಬಿಟ್ಟಿದ್ರ ನಿನ್ನ ಹೆಸರನೂ ಹಚ್ಚತಿದ್ದಿ!'

ಮನೆಗೆ ಬಂದ ಮೇಲೆ ಮಗ ಕೇಳಿದಾಗ, 'ಎಲ್ಲಾ ನೋಡಿ, ನಾನ ಹೂಂ ಅಂದು ಬಂದೆ' ಎಂದೆ. ಮೊಣಕಾಲು ಯಾಕೆ ಬಾತಿದೆ ಎಂದ. ಆ ಕಾಲೇಜಿನ ಮೆಟ್ಟಿಲು ಭಾಳ ಎತ್ತರ ಎಂದೆ. ನೇತ್ರಾ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಕಾಲೇಜಿಗೆ ಮೆಟ್ಟಿಲೇ ಇಲ್ಲ.